ಕವಾಟದ ವೇಷದಲ್ಲಿ ಬರುವ ಗಡ್ಡೆ

ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಎದೆಬಡಿತ ಎಂದು ತುಮಕೂರಿನ ನಮ್ಮ ಓಪಿಡಿಗೆ ಬರುವ ನಲವತ್ತರ ಆಸುಪಾಸಿನ ಹೆಂಗಸರಲ್ಲಿ ನಾವು ಮೊದಲು ಹುಡುಕುವುದು ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದೆಯೇ ಎಂಬುದನ್ನು. ಚಿಕ್ಕಂದಿನ ರುಮ್ಯಾಟಿಕ್ ಜ್ವರ ಉಳಿಸಿಹೋದ ತೊಂದರೆ ಅದು. ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಇಂಥವರು ಇನ್ನೂ ಬರುತ್ತಲೇ ಇದ್ದಾರೆ. ಇದೇ ಸಾಲಿನಲ್ಲಿ ಅಪರೂಪಕ್ಕೆ ಬೇರೆಯೇ ಕಾಯಿಲೆಯವರೊಬ್ಬರು ಕೂತಿರುತ್ತಾರೆ. ಸ್ಟೆತಾಸ್ಕೋಪಿಗೆ ಕೇಳುವುದು ಹೆಚ್ಚುಕಡಿಮೆ ಅದೇ ಸದ್ದು. ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದರೆ ಕವಾಟ ಚೆನ್ನಾಗಿಯೇ ಇರುತ್ತದೆ; ಎಡ ಹೃತ್ಕರ್ಣದೊಳಗಿನ (ಹೃದಯದ ಮೇಲಿನ ಎಡ ಕೋಣೆ) ಮುದ್ದೆಯೊಂದು ಬಡಿತ ಬಡಿತಕ್ಕೂ ಕವಾಟದ ಬಾಯಿಗೆ ಇಳಿದು ಮೇಲೇರುತ್ತಿರುತ್ತದೆ. ಇದು ಮಿಕ್ಸೋಮಾ, ಹೃದಯದಲ್ಲೇ ಹುಟ್ಟುವ, ಕ್ಯಾನ್ಸರ್ ಅಲ್ಲದ ಗಡ್ಡೆ.

ಹೃದಯದಲ್ಲೇ ಹುಟ್ಟುವ ಗಡ್ಡೆಗಳು ಶವಪರೀಕ್ಷೆಗಳ ಲೆಕ್ಕದಲ್ಲಿ ಶೇಕಡಾ 0.02ರಷ್ಟು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕ್ಯಾನ್ಸರ್ ಅಲ್ಲ. ಶ್ವಾಸಕೋಶ, ಸ್ತನ ಮುಂತಾದ ಕಡೆಯ ಕ್ಯಾನ್ಸರ್ ಹೃದಯಕ್ಕೆ ಹರಡುವುದು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

‘ಕ್ಯಾನ್ಸರ್ ಅಲ್ಲ’ ಎಂದು ಮೊದಲೇ ಹೇಳಿಬಿಟ್ಟರೆ ಮನೆಯವರಿಗೆ ಸಮಾಧಾನ ಅತಿಯಾಗುತ್ತದೆ. “ಹಂಗಾದ್ರೆ ಜಾತ್ರೆ ಮುಗಿಸ್ಕೊಂಡು ಬರ್ತೀವಿ ಸಾರ್” ಅಂದುಬಿಡುತ್ತಾರೆ. ಮಿಕ್ಸೋಮಾ ಕಾಯುವ ಗಡ್ಡೆಯಲ್ಲ. ಎಳನೀರಿನ ಗಂಜಿಯಷ್ಟು ಮೆತ್ತಗಿರುತ್ತದೆ. ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವ, ಕಾಲಿಗೆ ಹೋದರೆ ಕಾಲಿನ ರಕ್ತವೇ ಬಂದ್. ಇಲ್ಲವೇ ಕವಾಟಕ್ಕೇ ಅಡ್ಡ ಕೂತು ಹಠಾತ್ತನೆ ಪ್ರಾಣ ತೆಗೆಯಬಹುದು. ಚಿಕ್ಕ ವಯಸ್ಸಿನವರಿಗೆ ಲಕ್ವ ಹೊಡೆದಾಗ ಇಸಿಜಿ ಸರಿಯಿದೆ ಎಂದು ಹೃದಯವನ್ನು ಬಿಟ್ಟುಬಿಡಬಾರದು ಎಂದು ನಾನು ಜಗಳವಾಡುವುದು ಇದಕ್ಕೇ.

ಸುಳಿವುಗಳು ರೋಗಿಯ ಮಾತಿನಲ್ಲೇ ಇರುತ್ತವೆ. “ಬಗ್ಗಿ ಕಸ ಗುಡಿಸಿದ್ರೆ ಕಣ್ ಕತ್ಲೆ ಬರುತ್ತೆ, ಈ ಮಗ್ಗುಲಿಗೆ ಮಲಗಿದ್ರೆ ಉಸ್ರು ಕಟ್ಟುತ್ತೆ, ಆ ಮಗ್ಗುಲಾದ್ರೆ ಪರವಾಗಿಲ್ಲ.” ಭಂಗಿ ಬದಲಾದಂತೆ ತೊಂದರೆ ಬದಲಾದರೆ ಒಳಗೇನೋ ಓಲಾಡುತ್ತಿದೆ ಎಂದು ಅನುಮಾನಿಸಬೇಕು. ಕೆಲವರಿಗೆ ಸಣ್ಣ ಜ್ವರ, ತೂಕ ಇಳಿತ, ರಕ್ತಪರೀಕ್ಷೆಯಲ್ಲಿ ಉರಿಯೂತ ತೋರಿಸುವ, ಏರಿದ ಇಎಸ್‌ಆರ್. ಗಡ್ಡೆಯೇ ಸುರಿಸುವ, ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್-6 ಇದಕ್ಕೆ ಕಾರಣ. ನಮ್ಮ ಕಡೆ ಇಷ್ಟಿದ್ದರೆ ಮೊದಲು ಕಫ ಪರೀಕ್ಷೆಗೆ ಬರೆಯುತ್ತಾರೆ. ತಪ್ಪೇನಿಲ್ಲ, ಕ್ಷಯವೇ ಹೆಚ್ಚು. ಆದರೆ ಏದುಸಿರೂ ಜೊತೆಗಿದ್ದರೆ ಎಕೋವನ್ನೂ ಬರೆಯಲಿ.

ಎಕೋದಲ್ಲಿ ಕಂಡಿದ್ದೆಲ್ಲ ಗಡ್ಡೆಯಲ್ಲ. ನಾನು ಮೊದಲು ನೋಡುವುದು ಅದು ಕೂತ ಜಾಗವನ್ನು. ಎರಡು ಹೃತ್ಕರ್ಣಗಳ ನಡುಗೋಡೆಯಲ್ಲಿ, ಫಾಸಾ ಓವಾಲಿಸ್ ಎಂಬ ತಗ್ಗಿನ ಬಳಿ, ತೊಟ್ಟಿನಿಂದ ತೂಗುತ್ತಿದ್ದರೆ ಬಹುಪಾಲು ಮಿಕ್ಸೋಮಾ. ಹೃದಯಾಘಾತದಲ್ಲಿ ಸತ್ತು ಅಲುಗದೆ ನಿಂತ ಗೋಡೆಗೆ ಅಂಟಿದ್ದರೆ ಹೆಪ್ಪುಗಟ್ಟಿದ ರಕ್ತ. ತಾಳ ತಪ್ಪಿ ಬಡಿಯುವ ಹೃದಯದಲ್ಲಿ ಎಡ ಹೃತ್ಕರ್ಣಕ್ಕೆ ಅಂಟಿದ ಚೀಲದಂಥ ‘ಕಿವಿ’ಯೊಳಗೆ ಕೂತಿದ್ದರೂ ಅದೇ. ಆ ಕಿವಿಗೂ ಶ್ವಾಸಕೋಶದಿಂದ ಬರುವ ಅಭಿಧಮನಿಗೂ ನಡುವೆ ಹುಟ್ಟಿನಿಂದಲೇ ಒಂದು ಏಣು ಇರುತ್ತದೆ; ಅದನ್ನೇ ಹೆಪ್ಪೆಂದುಕೊಂಡು ರಕ್ತ ತೆಳುವಾಗುವ ಮಾತ್ರೆ ಕೊಟ್ಟವರೂ ಇದ್ದಾರೆ. ಬಲ ಹೃತ್ಕರ್ಣದಲ್ಲಿ ಮುದ್ದೆ ಕಂಡರೆ ಎಕೋ ಯಂತ್ರದ ಪ್ರೋಬನ್ನು ಹಾಗೇ ಹೊಟ್ಟೆಗೆ ಜರುಗಿಸುತ್ತೇನೆ: ಮೂತ್ರಪಿಂಡದ ಕ್ಯಾನ್ಸರ್ ಹೊಟ್ಟೆಯಿಂದ ಹೃದಯಕ್ಕೆ ರಕ್ತ ತರುವ ಮಹಾಸಿರೆಯ ಒಳಗೊಳಗೇ ಹತ್ತಿ ಅಲ್ಲಿಗೆ ತಲುಪಿರಬಹುದು. ಅದೇ ಜಾಗದಲ್ಲಿ ಅಗಲ ಬುಡದ ಗಡ್ಡೆ, ಜೊತೆಗೆ ಹೃದಯದ ಪೊರೆಯಲ್ಲಿ ರಕ್ತ ಬೆರೆತ ನೀರು ಇದ್ದರೆ ಆಂಜಿಯೋಸಾರ್ಕೋಮಾ ಎಂಬ ಕ್ಯಾನ್ಸರಿನ ಭಯ.

ಅನುಮಾನ ಉಳಿದರೆ ಅನ್ನನಾಳಕ್ಕೆ ಪ್ರೋಬ್ ಇಳಿಸಿ ಮಾಡುವ ಎಕೋ, ಆಮೇಲೆ ಎಂಆರ್‌ಐ. ಹೆಪ್ಪಿನೊಳಗೆ ಸಾಮಾನ್ಯವಾಗಿ ರಕ್ತನಾಳಗಳಿರುವುದಿಲ್ಲ, ಹಾಗಾಗಿ ಬಣ್ಣದೌಷಧ ಕೊಟ್ಟ ಮೇಲೂ ಅದು ಕಪ್ಪಾಗಿಯೇ ಕಾಣುತ್ತದೆ. “ಬಯಾಪ್ಸಿ ಮಾಡಲ್ವಾ ಸಾರ್?” ಎಂದು ಕೇಳುತ್ತಾರೆ. ಎಡಗಡೆಯ ಮಿಕ್ಸೋಮಾವನ್ನು ಚುಚ್ಚಿ ನೋಡುವುದಿಲ್ಲ, ಚೂರು ಮೆದುಳಿಗೆ ಹೋದೀತು. ಪೂರ್ತಿ ತೆಗೆದ ಮೇಲೆಯೇ ಅದು ಪೆಥಾಲಜಿಗೆ ಹೋಗುವುದು.

ಎಕೋ ಬರುವ ಮುಂಚೆ ಇವು ಹೆಚ್ಚಾಗಿ ಸಿಗುತ್ತಿದ್ದದ್ದು ಶವಪರೀಕ್ಷೆಯಲ್ಲಿ. 1954ರಲ್ಲಿ ಸ್ಟಾಕ್‌ಹೋಮಿನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್ ಹೃದಯ, ಶ್ವಾಸಕೋಶದ ಕೆಲಸ ತಾನೇ ಮಾಡುವ ಹಾರ್ಟ್-ಲಂಗ್ ಯಂತ್ರದ ನೆರವಿನಿಂದ ಮಿಕ್ಸೋಮಾ ತೆಗೆದು ರೋಗಿಯನ್ನು ಉಳಿಸಿದರು. ಇವತ್ತೂ ಮಾಡುವುದು ಅದನ್ನೇ. ತೊಟ್ಟಿನ ಬುಡದ ಗೋಡೆಯನ್ನೂ ಒಂದಿಷ್ಟು ಸೇರಿಸಿ ಕತ್ತರಿಸುತ್ತಾರೆ. ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್. ಪತ್ತೆಯಾದ ದಿನವೇ ಪತ್ರ ಬರೆದು ಕಳಿಸುತ್ತೇನೆ.

ಆಪರೇಷನ್ ಆದ ಮೇಲೂ ಕೆಲವು ವರ್ಷ ಎಕೋ ತಪ್ಪಿಸಬಾರದು, ಕೆಲವರಿಗೆ ಮರುಕಳಿಸುತ್ತದೆ. ರೋಗಿ ಚಿಕ್ಕ ವಯಸ್ಸಿನವರಾಗಿದ್ದು ತುಟಿ, ಕಣ್ಣಂಚಿನಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅದು ವಂಶದಲ್ಲಿ ಬರುವ ಕಾರ್ನಿ ಕಾಂಪ್ಲೆಕ್ಸ್ ಎಂಬ ಕಾಯಿಲೆ ಇರಬಹುದು. ಆಗ ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಒಂದೊಂದು ಎಕೋ ಮಾಡಿಸಲು ಹೇಳುತ್ತೇನೆ.