ಆ ಮಷೀನು ಶಿಫ್ಟಿಗೆ ಎಷ್ಟು ನಿಮಿಷ ದುಡಿಯುತ್ತೆ?

ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯಿಂದ ಪುಣೆಗೆ ಹೆಲ್ಪರ್ ಆಗಿ ಬಂದು, ಇವತ್ತು ಭೋಸರಿ, ಚಾಕಣದಲ್ಲಿ ಸ್ವಂತ ಶೆಡ್ ಹಾಕಿಕೊಂಡವರಿದ್ದಾರೆ. ಅವರನ್ನು ಕಂಡರೆ ನನಗೆ ಹೆಮ್ಮೆ. ಆದರೆ ಬ್ಯಾಂಕ್ ಸಾಲಕ್ಕೆ ಮುಂಚೆ ‘ನಿಮ್ಮ ಕಂಪನಿಯ ಬಲ ಏನು, ಕೊರತೆ ಏನು, ಬರೆಯಿರಿ’ ಅಂದರೆ ಬಹಳ ಜನ ಒಂದೇ ಥರ ಬರೆಯುತ್ತಾರೆ. ಬಲ: ನಾಲ್ಕು ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನು. ಕೊರತೆ: ಐದನೆಯದು ಇಲ್ಲ. ಕೆಲವರು ‘ಎಲೆಕ್ಟ್ರಿಕ್ ಗಾಡಿ ಜಾಸ್ತಿ ಆಗ್ತಿವೆ’ ಅಂತಲೂ ಬಲಕ್ಕೆ ಸೇರಿಸುತ್ತಾರೆ. ಅದು ಹೊರಗಿನ ಮಾತು. ಪಕ್ಕದ ಶೆಡ್ಡಿನವರಿಗೂ ಅಷ್ಟೇ ಸಿಗುತ್ತೆ.

ಮಷೀನು ಆಸ್ತಿ, ನಿಜ. ಅದು ಬಲ ಆಗುವುದು ಒಂದೇ ಸಲಕ್ಕೆ ಸರಿಯಾದ ಪೀಸು ಬೀಳುವ ನಿಮಿಷಗಳಲ್ಲಿ ಮಾತ್ರ. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗಲ್ಲ, ಹಾಗಾಗಿ ಲೆಕ್ಕವನ್ನೇ ಬರೆಯುತ್ತೇನೆ.

ಭೋಸರಿಯ ಒಂದು ಶೆಡ್ಡಿನಲ್ಲಿ ವಾಚು ಹಿಡಿದು ಇಡೀ ಶಿಫ್ಟ್ ನಿಂತಿದ್ದೆ. 480 ನಿಮಿಷದಲ್ಲಿ ಊಟ, ಚಹಾಕ್ಕೆ 30 ಹೋದರೆ 450. ಒಂದು ಜಾಬ್, ಅಂದರೆ ಒಂದು ಬಗೆಯ ಪೀಸಿನ ಕೆಲಸ, ಇಳಿಸಿ ಇನ್ನೊಂದು ಏರಿಸುವ ಸೆಟಿಂಗಿಗೆ 90. ಟೂಲಿನ ತುದಿಗೆ ಹಾಕುವ ಇನ್ಸರ್ಟ್ ತರಲು ಸ್ಟೋರಿನ ಮುಂದೆ, ಮೊದಲ ಪೀಸಿನ ತಪಾಸಣೆಗೆ ಕಾದದ್ದು 40. ಉಳಿದದ್ದು 320. ಪೀಸಿಗೆ 2 ನಿಮಿಷದಂತೆ 160 ಬೀಳಬೇಕು. ಫೀಡ್, ಅಂದರೆ ಟೂಲು ಮುಂದೆ ಸಾಗುವ ವೇಗ, ಇಳಿಸಿ ಓಡಿಸುತ್ತಿದ್ದರಿಂದ ಬಿದ್ದದ್ದು 136. ಅದರಲ್ಲಿ 7 ಮೂಲೆಯ ಟೇಬಲ್ಲಿಗೆ ಹೋದವು. ಅಲ್ಲೊಬ್ಬ ಹುಡುಗ ಫೈಲ್ ಹಿಡಿದು ಉಜ್ಜಿ ಉಜ್ಜಿ ಸರಿಮಾಡಿ ಓಕೆ ಟ್ರೇಗೆ ಹಾಕುತ್ತಿದ್ದ. ರಿಪೋರ್ಟಿನಲ್ಲಿ ರಿಜೆಕ್ಷನ್ ಸೊನ್ನೆ! ಮೊದಲ ಸಲಕ್ಕೇ ಸರಿಬಂದದ್ದು 129, ಅಂದರೆ 258 ನಿಮಿಷದ ಕೆಲಸ. 450ಕ್ಕೆ 258, ನೂರಕ್ಕೆ 57. ಓಇಇ (ಓವರಾಲ್ ಇಕ್ವಿಪ್ಮೆಂಟ್ ಎಫೆಕ್ಟಿವ್ನೆಸ್) ಅನ್ನುವುದು ಇದನ್ನೇ. ಜಪಾನಿನ ಮಷೀನು ನಿರ್ವಹಣೆ ತಜ್ಞ ಸೆಯಿಚಿ ನಕಾಜಿಮಾ ಇದಕ್ಕೆ ಇಟ್ಟ ಗುರಿ 85.

ಹಾಗಂತ ಅಲ್ಲಿ ಯಾರೂ ಸೋಮಾರಿಗಳಲ್ಲ. ಈ ಸೆಟಿಂಗ್ ಮಾಡುವ ಸೆಟ್ಟರ್ ವಿಜಯಪುರದ ಇಂಡಿ ಕಡೆಯವರು. ಜೇಬಿನಲ್ಲಿ ಎಣ್ಣೆ ಮೆತ್ತಿದ ಸಣ್ಣ ಡೈರಿ. ಯಾವ ಜಾಬಿಗೆ ಪೀಸು ಹಿಡಿದಿಡುವ ಯಾವ ಫಿಕ್ಸ್ಚರ್, ಅಳತೆ ಹೊಂದಿಸಲು ಎಷ್ಟು ಆಫ್‌ಸೆಟ್, ಎಲ್ಲ ಕನ್ನಡದಲ್ಲಿ, ಕನ್ನಡ ಅಂಕಿಯಲ್ಲಿ. ‘ಎಡಗಡೆ ಕ್ಲ್ಯಾಂಪ್ ಬಾಳ ಬಿಗಿ ಬ್ಯಾಡ’ ಅಂತ ಒಂದು ಕಡೆ ಎರಡು ಸಲ ಗೆರೆ ಎಳೆದಿದ್ದರು. ಉಳಿದ ಆಪರೇಟರುಗಳಿಗೆ ಮರಾಠಿ, ಹಿಂದಿ ಬಿಟ್ಟರೆ ಬೇರೆ ಓದಲು ಬರಲ್ಲ. ಸೆಟ್ಟರ್ ಜಾತ್ರೆಗೆ ಊರಿಗೆ ಹೋದರೆ ಅದೇ ಸೆಟಿಂಗ್ ಮೂರು ಗಂಟೆ ಹಿಡಿಯುತ್ತೆ.

ಮಾಲೀಕರು ‘ಅನುಭವಿ ಕೆಲಸಗಾರ’ ಅಂತ ಬಲದಲ್ಲಿ ಬರೆದಿದ್ದರು. ನಾನು ಡೈರಿಯನ್ನು ಕೊರತೆಗೆ ಹಾಕಿದೆ. ಅವರಿಗೆ ಬೇಜಾರಾಯಿತು. “ಅವ ನಮ್ಮ ಮನಿಯವ ಇದ್ದಂಗ ಸರ, ಹಂಗ ಬರೀಬ್ಯಾಡ್ರಿ” ಅಂದರು. ಮನುಷ್ಯ ಬಲವೇ, ಒಪ್ಪಿದೆ. ಆ ಡೈರಿಗೆ ಇನ್ನೊಂದು ಪ್ರತಿ ಇಲ್ಲ, ಕೊರತೆ ಅಷ್ಟೇ. ಸೆಟಿಂಗ್ 90ರಿಂದ 45ಕ್ಕೆ ಇಳಿದರೆ ಈಗಿನ ವೇಗದಲ್ಲೇ ಶಿಫ್ಟಿಗೆ 19 ಪೀಸು ಜಾಸ್ತಿ, ಒಂದು ರೂಪಾಯಿ ಸಾಲ ಇಲ್ಲದೆ.

ಒಂದೇ ಶಿಫ್ಟ್ ನೋಡಿ ತೀರ್ಮಾನ ಮಾಡಬೇಡಿ. ಇಲ್ಲಿ ವಾರದ ರಜೆ ಗುರುವಾರ; ಅದು ಮುಗಿದ ಶುಕ್ರವಾರ ಬೆಳಿಗ್ಗೆ, ಮಷೀನು ಬಿಸಿಯಾಗುವವರೆಗೆ ಅಳತೆಯೇ ಕೂರಲ್ಲ. ಎರಡು ವಾರವಾದರೂ ಬರೆದಿಡಿ. ಫೌಂಡ್ರಿ, ಹೀಟ್ ಟ್ರೀಟ್‌ಮೆಂಟ್‌ಗೆ ಈ ಲೆಕ್ಕ ಹೀಗೇ ಹೊಂದುವುದಿಲ್ಲ. ನಿಜವಾಗಿಯೂ ಹೊಸ ಮಷೀನು ಬೇಕಾದವರೂ ಇದ್ದಾರೆ.

ಆಮೇಲೆ ಸೆಟ್ಟರ್ ದಿನಾ ಸಂಜೆ ಡೈರಿ ಓದಿ ಹೇಳಿದರು, ಮಾಲೀಕರ ಮಗಳು ಮರಾಠಿಯಲ್ಲಿ ಟೈಪ್ ಮಾಡಿದಳು. ಮೊನ್ನೆ ಹೋದಾಗ ಎರಡನೇ ಮಷೀನಿನ ಬಾಗಿಲಿಗೆ ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದರು. ಸೆಟಿಂಗ್ 65 ನಿಮಿಷಕ್ಕೆ ಬಂದಿದೆ. ಮೂಲೆಯ ಟೇಬಲ್ಲು ಇನ್ನೂ ಅಲ್ಲೇ ಇದೆ.