ಗುದದ್ವಾರದ ಕ್ಯಾನ್ಸರ್: ತಪಾಸಣೆಗೆ ಪುರಾವೆ ಸಿಗಲು ಹಿಡಿದ ಕಾಲ

ಮಲದೊಡನೆ ರಕ್ತ ಹೋದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲೂ ಮೊದಲು ನೆನಪಾಗುವುದು ಮೂಲವ್ಯಾಧಿ. ಬಹಳ ಸಲ ಆ ಊಹೆ ಸರಿಯೇ ಇರುತ್ತದೆ. ಆದರೆ ಎಚ್‌ಐವಿ ಇರುವವರಿಗೆ, ಅವರಲ್ಲೂ ಪುರುಷರೊಡನೆ ಲೈಂಗಿಕ ಸಂಬಂಧವಿರುವ ಪುರುಷರಿಗೆ, ಹಾಗೆಯೇ ಅಂಗಾಂಗ ಕಸಿ ಮಾಡಿಸಿಕೊಂಡವರಿಗೆ ಮತ್ತು ಯೋನಿದ್ವಾರದ ಕ್ಯಾನ್ಸರ್ ಬಂದ ಮಹಿಳೆಯರಿಗೆ ಗುದದ್ವಾರದ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ಲಕ್ಷಣ ಕಾಣುವ ಮೊದಲೇ ಇವರನ್ನು ಪರೀಕ್ಷಿಸುವುದರಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದಿತ್ತು.

ಒಂದು ಕಾಲದಲ್ಲಿ ಈ ರೋಗಕ್ಕೆ ಗುದದ್ವಾರವನ್ನೇ ತೆಗೆದು, ಹೊಟ್ಟೆಯ ಮೇಲೆ ಶಾಶ್ವತವಾಗಿ ಮಲದ ದಾರಿ ಮಾಡುವ ಶಸ್ತ್ರಚಿಕಿತ್ಸೆ ಬಿಟ್ಟರೆ ಗತಿಯಿರಲಿಲ್ಲ. 1974ರಲ್ಲಿ ಅಮೆರಿಕದ ನಾರ್ಮನ್ ನೈಗ್ರೋ ಕೀಮೋ ಮತ್ತು ವಿಕಿರಣಗಳನ್ನು ಜೊತೆಯಾಗಿ ಕೊಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಆ ಕಷ್ಟ ಅನೇಕರಿಗೆ ತಪ್ಪಿತು. 1983ರಲ್ಲಿ ಹರಾಲ್ಡ್ ಟ್ಸುರ್ ಹೌಸೆನ್ ಅವರ ತಂಡ ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ-16 ವೈರಸ್ಸನ್ನು ಗುರುತಿಸಿತು; ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಬಗೆಗಳಲ್ಲಿ ಇದೂ ಒಂದು. ಗುದದ್ವಾರದ ಕ್ಯಾನ್ಸರುಗಳಲ್ಲಿ ಸುಮಾರು ಶೇ. 90ಕ್ಕೂ ಎಚ್‌ಪಿವಿಯೇ ಮೂಲವೆಂಬುದು ಮುಂದೆ ತಿಳಿಯಿತು. ಎರಡೂ ಕಡೆ ರೋಗ ಬೆಳೆಯುವ ಬಗೆ ಒಂದೇ ಆದ್ದರಿಂದ, ಜೀವಕೋಶಗಳನ್ನು ಉಜ್ಜಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಗರ್ಭಕಂಠದ ಪ್ಯಾಪ್ ಪರೀಕ್ಷೆಯನ್ನು ಇಲ್ಲಿಗೂ ಅಳವಡಿಸಲಾಯಿತು. ಆದರೆ ಕ್ಯಾನ್ಸರಿಗೆ ಮುಂಚಿನ ಬದಲಾವಣೆಯನ್ನು ಸುಟ್ಟು ತೆಗೆದರೆ ಕ್ಯಾನ್ಸರ್ ನಿಜಕ್ಕೂ ತಪ್ಪುತ್ತದೆಂಬುದಕ್ಕೆ ಪುರಾವೆ ಇರಲಿಲ್ಲ.

ಆ ಪುರಾವೆ ಸಿಕ್ಕಿದ್ದು 2022ರಲ್ಲಿ. ಎಚ್‌ಐವಿಯೊಡನೆ ಬದುಕುತ್ತಿರುವ, 35 ದಾಟಿದ, ಇಂಥ ಬದಲಾವಣೆ ಕಂಡುಬಂದಿದ್ದ ಸುಮಾರು 4,400 ಮಂದಿಯನ್ನು ಅಮೆರಿಕದ ‘ಆಂಕರ್’ ಅಧ್ಯಯನ ಎರಡು ಗುಂಪು ಮಾಡಿತ್ತು. ಚಿಕಿತ್ಸೆ ಪಡೆದವರಲ್ಲಿ 9 ಮಂದಿಗೆ, ನಿಗಾದಲ್ಲಷ್ಟೇ ಇದ್ದವರಲ್ಲಿ 21 ಮಂದಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆಯಿಂದ ಅಪಾಯ ಶೇ. 57ರಷ್ಟು ತಗ್ಗಿತ್ತು. ಇದರ ಬೆನ್ನಿಗೇ, 2024ರಲ್ಲಿ, ಯಾರನ್ನು ಯಾವ ವಯಸ್ಸಿನಿಂದ ಪರೀಕ್ಷಿಸಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಹೊರಬಂತು.

ಮುಂಬಯಿಗೆ ಈ ವಿಷಯ ದೂರದ್ದಲ್ಲ. 2004ರಲ್ಲಿ ಸರಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿಗಳ ಉಚಿತ ಚಿಕಿತ್ಸೆ (ಎಆರ್‌ಟಿ) ಆರಂಭಿಸಿದಾಗ ಮೊದಲ ಕೇಂದ್ರಗಳಲ್ಲಿ ಜೆ.ಜೆ. ಆಸ್ಪತ್ರೆಯೂ ಒಂದಾಗಿತ್ತು. ಅಂದು ಔಷಧಿ ಹಿಡಿದು ಬದುಕುಳಿದವರು ಇಂದು ನಡುವಯಸ್ಸಿಗೆ ಬಂದಿದ್ದಾರೆ. ನಿಧಾನವಾಗಿ ಬೆಳೆಯುವ ಇಂಥ ಕ್ಯಾನ್ಸರ್ ತಲೆಯೆತ್ತುವುದೂ ಆ ವಯಸ್ಸಿನಲ್ಲೇ. ಕಡಿಮೆ ಖರ್ಚಿನ ತಪಾಸಣೆಯ ಅನುಭವವೂ ಈ ನಗರಕ್ಕಿದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಇಲ್ಲಿನ ಕೊಳೆಗೇರಿಗಳ ಸುಮಾರು 1,50,000 ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ, ಬದಲಾದ ಜಾಗವನ್ನು ಬೆಳ್ಳಗೆ ತೋರಿಸುವ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡಿದ್ದರಿಂದಲೇ ಆ ಕ್ಯಾನ್ಸರಿನ ಸಾವುಗಳು ಶೇ. 31ರಷ್ಟು ಕಡಿಮೆಯಾದವು.

ಗುದದ್ವಾರದ ಪರೀಕ್ಷೆಯಲ್ಲೂ ಅದೇ ಆಮ್ಲ ಬಳಕೆಯಾಗುತ್ತದೆ, ಆದರೆ ಇಲ್ಲಿ ಬರಿಗಣ್ಣು ಸಾಲದು. ಹಿಗ್ಗಿಸಿ ತೋರಿಸುವ ಉಪಕರಣವೂ ದೀರ್ಘ ತರಬೇತಿ ಪಡೆದ ವೈದ್ಯರೂ ಬೇಕು. ಅವರಿಲ್ಲದ ಕಡೆ ಪ್ಯಾಪ್ ಪರೀಕ್ಷೆಯೊಂದನ್ನೇ ಮಾಡಿದರೆ ಭಯ ಹುಟ್ಟಿಸಿ ಕೈಬಿಟ್ಟಂತಾಗುತ್ತದೆ. ಅಂಥಲ್ಲಿ ವರ್ಷಕ್ಕೊಮ್ಮೆ ನೋವು, ರಕ್ತಸ್ರಾವಗಳ ಬಗ್ಗೆ ವಿಚಾರಿಸಿ, ಕೈಗವಸು ತೊಟ್ಟ ಬೆರಳಿನಿಂದ ಗಂಟಿದೆಯೇ ಎಂದು ಮುಟ್ಟಿ ನೋಡಬೇಕೆಂಬ ಸಲಹೆಯಿದೆ. ಇದಕ್ಕೆ ಯಂತ್ರ ಬೇಡ. ಸಂಕೋಚದಿಂದ ರೋಗಿ ತಾನಾಗಿ ಹೇಳಿಕೊಳ್ಳದ ಈ ಮಾತನ್ನು ಎಆರ್‌ಟಿ ಕೇಂದ್ರದ ವೈದ್ಯರೇ ಮೊದಲು ಎತ್ತಬೇಕು.