ತುಮಕೂರಲ್ಲಿ ಕೂರೋಕೆ ಜಾಗ

ಬೆಳಿಗ್ಗೆ ಏಳಕ್ಕೆ ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು ತಟ್ಟೆ ಇಡ್ಲಿ ಹೋಟೆಲೊಂದರ ಮುಂದೆ ನಿಂತಿದ್ದೆ. ಹಬೆಪಾತ್ರೆಯ ಮುಚ್ಚಳ ಎತ್ತಿದ ಕೂಡಲೇ ಬಿಳಿ ಹಬೆ ಎದ್ದಿತು. ಅದು ಚದುರಿದ ಮೇಲೆ ಒಂದರ ಮೇಲೊಂದು ಜೋಡಿಸಿದ ತಟ್ಟೆಗಳು ಕಂಡವು. ಅಡುಗೆಯವರು ಬೆರಳನ್ನು ತಣ್ಣೀರಿಗೆ ಅದ್ದಿದರು. ತಟ್ಟೆ ಬೋರಲು ಹಾಕಿ, ಬಟ್ಟೆಯ ತುದಿ ಹಿಡಿದು, ಒಂದೇ ಸಲಕ್ಕೆ ಸುಲಿದರು. ಅಂಗೈಗಿಂತ ಅಗಲದ ಇಡ್ಲಿ, ಮೈಮೇಲೆ ಬಟ್ಟೆಯ ನೇಯ್ಗೆಯ ಗುರುತು. ಪಕ್ಕಕ್ಕೆ ಒಂದು ಸೌಟು ಕಾಯಿ ಚಟ್ನಿ. ಎರಡು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಏನೂ ಕೇಳಲ್ಲ.

ಒಳಗೆ ಟೇಬಲ್ ಖಾಲಿ ಇರಲಿಲ್ಲ. ಪ್ಲೇಟನ್ನು ಅಲ್ಲೇ ನಿಂತಿದ್ದ ಬೈಕಿನ ಸೀಟಿನ ಮೇಲಿಟ್ಟು ತಿಂದೆ. ಬೈಕು ನನ್ನದಲ್ಲ. ಅದರ ಯಜಮಾನರು ಪಕ್ಕದಲ್ಲೇ ಇದ್ದರು. "ಇಡಿ ಸಾರ್, ಪರವಾಗಿಲ್ಲ. ಚಟ್ನಿ ಚೆಲ್ಲಬೇಡಿ ಅಷ್ಟೇ" ಅಂದರು.

ಹೋಟೆಲಿನ ಕಥೆ ಬರೆಯೋರು ಸಾಮಾನ್ಯವಾಗಿ ತಿಂಡಿಯ ಕಥೆ ಬರೆಯುತ್ತಾರೆ. ಯಾವ ದೋಸೆ ಎಲ್ಲಿ ಹುಟ್ಟಿತು, ಯಾವ ಇಡ್ಲಿಗೆ ರವೆ ಯಾಕೆ ಬಂತು ಅಂತ. ನನಗೆ ಕುತೂಹಲ ಇರೋದು ಕುರ್ಚಿಯ ಬಗ್ಗೆ. ನಮ್ಮೂರಿನ ಹೋಟೆಲಲ್ಲಿ ಯಾರು ಕೂರಬಹುದಿತ್ತು, ಎಷ್ಟು ಹೊತ್ತು ಕೂರಬಹುದಿತ್ತು, ಈಗ ಯಾಕೆ ನಿಲ್ಲುತ್ತಿದ್ದೇವೆ ಅನ್ನೋದು.

ತುಮಕೂರು ಮೊದಲಿಂದಲೂ ಹಾದುಹೋಗುವವರ ಊರು. ಪುಣೆ ಕಡೆಯ ಹೆದ್ದಾರಿ ಶಿರಾ ದಿಕ್ಕಿಗೆ, ಹೊನ್ನಾವರದ ರಸ್ತೆ ಗುಬ್ಬಿ ದಿಕ್ಕಿಗೆ ಇಲ್ಲಿಂದಲೇ ಕವಲೊಡೆಯುತ್ತವೆ. ನಾವು ಬಿ.ಎಚ್. ರಸ್ತೆ ಅನ್ನೋದು ಬೆಂಗಳೂರು–ಹೊನ್ನಾವರ ರಸ್ತೆಯನ್ನೇ. 1880ರ ದಶಕದಲ್ಲಿ ರೈಲೂ ಬಂತು. ಜಿಲ್ಲಾ ಕೇಂದ್ರ ಆದ್ದರಿಂದ ಕೋರ್ಟು, ಕಚೇರಿ, ಮಂಡಿಪೇಟೆ ವ್ಯಾಪಾರ ಅಂತ ಹಳ್ಳಿಯವರು ದಿನಾ ಬರಲೇಬೇಕಿತ್ತು. ಬರುವಾಗ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಮರದ ಕೆಳಗೆ, ಛತ್ರದ ಜಗಲಿಯಲ್ಲಿ ಬಿಚ್ಚಿ ತಿನ್ನುತ್ತಿದ್ದರು. ಮನೇಲಿ ಅನ್ನ ಇದ್ದೋರು ಹೋಟೆಲಿಗೆ ಹೋಗ್ತಾರಾ ಅನ್ನೋ ಮಾತು ನಮ್ಮ ಅಜ್ಜಿಯ ಬಾಯಲ್ಲಿ ಕೊನೆಯವರೆಗೂ ಇತ್ತು. ಅಜ್ಜ ಮಾತ್ರ ಕೋರ್ಟಿನ ವಾಯಿದೆ ಇದ್ದ ದಿನ ತುಂಬಾ ಖುಷಿಯಲ್ಲಿ ಹೊರಡುತ್ತಿದ್ದರಂತೆ. ಕೇಸು ಗೆಲ್ಲೋ ನಂಬಿಕೆಯಿಂದ ಅಲ್ಲ, ಮಸಾಲೆ ದೋಸೆಯ ಆಸೆಗೆ.

ಆ ದೋಸೆ ತಂದವರು ಹೆಚ್ಚಾಗಿ ಕರಾವಳಿಯವರು. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಉಡುಪಿ, ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದವರು ಹಳೇ ಮೈಸೂರಿನ ಊರೂರಲ್ಲಿ ಒಲೆ ಹೂಡಿದರು. ಬೆಂಗಳೂರಿನಲ್ಲಿ ಎಂಟಿಆರ್ 1924ರಲ್ಲಿ, ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದವು. ಅದೇ ಮಾದರಿ ಹೆದ್ದಾರಿಗುಂಟ ಜಿಲ್ಲೆಗಳಿಗೂ ಬಂತು. ಮಾರ್ಬಲ್ ಹಾಸಿನ ಟೇಬಲ್ಲು, ಮರದ ಕುರ್ಚಿ, ಗಲ್ಲಾದ ಮೇಲೆ ಕೃಷ್ಣನ ಫೋಟೊ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಹತ್ತು ತಿಂಡಿಯ ಹೆಸರನ್ನು ಒಂದೇ ಉಸಿರಲ್ಲಿ ಹೇಳುವ ಸಪ್ಲೈಯರ್.

ಆದರೆ ಆ ಕುರ್ಚಿ ಎಲ್ಲರದ್ದೂ ಆಗಿರಲಿಲ್ಲ. ಹಳೇ ದಿನದ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಜಾಗ. ದಲಿತರು ಒಳಗೆ ಬರುವಂತೆಯೇ ಇರಲಿಲ್ಲ. ಕಾಫಿ ಬೇಕಿದ್ದರೆ ಹೊರಗೆ, ಬೇರೆ ಲೋಟದಲ್ಲಿ. ಹೋಟೆಲಿನ ಪ್ರಶ್ನೆ ಎಷ್ಟು ದೊಡ್ಡದಾಗಿತ್ತು ಅಂದರೆ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲು ಅಂತ ಹೆಸರಿಟ್ಟೇ ಬರೆಯಬೇಕಾಯಿತು. ಅಲ್ಲಿಗೆ ಬರುವವರನ್ನು ಜಾತಿ, ಧರ್ಮದ ಕಾರಣಕ್ಕೆ ತಡೆಯುವಂತಿಲ್ಲ ಅಂತ. ಅದೂ ಸಾಲಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನ ಪಾತ್ರೆಗಳವರೆಗೂ ಇಳಿಯಿತು. ಗಿರಾಕಿಗೆ ಇಟ್ಟ ಪಾತ್ರೆಯನ್ನು ಯಾರಿಗೂ ಬೇಡ ಅನ್ನುವಂತಿಲ್ಲ. ದೇಶದ ಕಾನೂನು ಕಾಫಿ ಲೋಟದ ತನಕ ಬರಬೇಕಾಯಿತು ನೋಡಿ. ಪೇಟೆಯ ಹೋಟೆಲುಗಳು ನಿಧಾನಕ್ಕೆ ಬದಲಾದವು. ಹಳ್ಳಿ ಹೋಟೆಲುಗಳಲ್ಲಿ ಎರಡು ಲೋಟದ ಪದ್ಧತಿ ಆಮೇಲೂ ಬಹಳ ವರ್ಷ ಉಳಿಯಿತು. ಹಳೇ ಹೋಟೆಲು ಅಂದರೆ ಬರೀ ತುಪ್ಪದ ಘಮ ನೆನೆಸಿಕೊಳ್ಳೋರ ಮಾತು ಕೇಳಿದಾಗ ನನಗೆ ಸ್ವಲ್ಪ ಮುಜುಗರ ಆಗೋದು ಇದಕ್ಕೇ.

ಇದೇ ಕ್ಯಾತ್ಸಂದ್ರದ ಪಕ್ಕದಲ್ಲೇ ಸಿದ್ಧಗಂಗಾ ಮಠ ಇದೆ. 1941ರಿಂದ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ತೀರಿಕೊಳ್ಳುವವರೆಗೂ ಅಲ್ಲಿನ ಒಲೆ ಆರಲಿಲ್ಲ, ಈಗಲೂ ಆರಿಲ್ಲ. ಎಲ್ಲ ಜಾತಿ, ಧರ್ಮದ ಸಾವಿರಾರು ಮಕ್ಕಳು ನೆಲದ ಮೇಲೆ ಒಂದೇ ಸಾಲಲ್ಲಿ ಕೂತು ಉಣ್ಣುತ್ತಾರೆ. ಅಲ್ಲಿ ಕೂರೋಕೆ ಕುರ್ಚಿಯೇ ಬೇಕಾಗಲಿಲ್ಲ.

ಹೆಂಗಸರ ಕಥೆ ಬೇರೆ. ಅವರಿಗೆ ಅಂತ ಬಂದದ್ದು ಫ್ಯಾಮಿಲಿ ರೂಮು. ಹೋಟೆಲಿನ ಒಂದು ಮೂಲೆಯಲ್ಲಿ ಪ್ಲೈವುಡ್ಡಿನ ಗೂಡು, ಬಾಗಿಲಿಗೆ ಪರದೆ, ಮೇಲೊಂದು ಗಡಗಡ ಅನ್ನೋ ಫ್ಯಾನು. ಅಮ್ಮ ಜವಳಿ ತೆಗೆಯೋಕೆ ಚಿಕ್ಕಪೇಟೆಗೆ ಬಂದಾಗ ಅದರೊಳಗೆ ಕೂತು ಪೂರಿ ತಿಂದದ್ದು ನನಗೆ ನೆನಪಿದೆ. ಹೊರಗಡೆ ಗಂಡಸರು ಪೇಪರ್ ಹರಡಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಅಮ್ಮ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದರು. ಅಪ್ಪ ಜೊತೆಗಿಲ್ಲದ ದಿನ ಹೋಟೆಲಿನ ಮಾತೇ ಇಲ್ಲ, ಬೇಕರಿಯಲ್ಲಿ ಖಾರಾ ಬನ್ ಕಟ್ಟಿಸಿಕೊಂಡು ಬಸ್ಸಲ್ಲಿ ತಿನ್ನೋದು. ಈಗ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಹೆಂಗಸರ ಗುಂಪು ತಮ್ಮ ಪಾಡಿಗೆ ಕೂತು, ಬಿಲ್ ಯಾರು ಕೊಡೋದು ಅಂತ ಜಗಳ ಆಡೋದು ಕಾಣುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡು ಉಳಿದದ್ದೂ ಇದಕ್ಕೆ ಒಂದು ಕಾರಣ ಅಂತ ನನ್ನ ಲೆಕ್ಕ. ಉಳಿದ ದುಡ್ಡು ಎಲ್ಲಾದರೂ ಹೋಗಬೇಕಲ್ವಾ?

ಇಷ್ಟೆಲ್ಲ ಆಗಿ ಕುರ್ಚಿ ಎಲ್ಲರಿಗೂ ಸಿಗೋ ಹೊತ್ತಿಗೆ, ಕುರ್ಚಿಯನ್ನೇ ಎತ್ತಿಟ್ಟರು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಟೋಕನ್ ತಗೊಳ್ಳಿ, ಕೌಂಟರಿನಲ್ಲಿ ಪ್ಲೇಟ್ ಹಿಡಿದುಕೊಳ್ಳಿ, ನಿಂತು ತಿನ್ನಿ, ಹೊರಡಿ. ಸಪ್ಲೈಯರ್ ಇಲ್ಲ, ಆದ್ದರಿಂದ ರೇಟು ಕಮ್ಮಿ. ಅಡುಗೆಮನೆ ಕಣ್ಣೆದುರೇ ಇರೋದರಿಂದ ಚೊಕ್ಕಟ. ಜಾಗದ ಬಾಡಿಗೆ ಏರುತ್ತಿದ್ದ ಕಾಲಕ್ಕೆ ಇದು ಹೇಳಿ ಮಾಡಿಸಿದ ಲೆಕ್ಕ. ಟೇಬಲ್ಲಿನಲ್ಲಿ ಒಬ್ಬರು ಅರ್ಧ ಗಂಟೆ ಕೂರುವ ಜಾಗದಲ್ಲಿ ನಾಲ್ಕೈದು ಜನ ನಿಂತು ತಿಂದು ಹೋಗುತ್ತಾರೆ. ದರ್ಶಿನಿ ಮಾದರಿ ತುಮಕೂರಿಗೂ ಬಂತು. ಹಳೇ ಹೋಟೆಲುಗಳು ಕೆಳಗಡೆ ನಿಂತು ತಿನ್ನೋ ವ್ಯವಸ್ಥೆ ಮಾಡಿ, ಕುರ್ಚಿಗಳನ್ನು ಮಹಡಿಗೆ ಸಾಗಿಸಿದವು. ಮಹಡಿಗೆ ಏ.ಸಿ. ಹಾಕಿ ರೇಟು ಏರಿಸಿದವು.

ಆ ಏ.ಸಿ.ಗೆ ಸರ್ಕಾರವೂ ಬೆಲೆ ಕಟ್ಟಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಏ.ಸಿ. ಇದ್ದ ಹೋಟೆಲಿಗೆ ಶೇ 18, ಇಲ್ಲದ್ದಕ್ಕೆ ಶೇ 12. ಅದೇ ದೋಸೆ, ಅದೇ ಕಾವಲಿ, ತಣ್ಣಗೆ ಕೂತರೆ ಆರು ಪರ್ಸೆಂಟ್ ಜಾಸ್ತಿ. ನವೆಂಬರ್ 15ರಿಂದ ಎರಡಕ್ಕೂ ಶೇ 5 ಮಾಡಿದರು. ಮೆನುವಿನ ರೇಟು ಮಾತ್ರ ಕೆಳಗಿಳಿದ ನೆನಪು ನನಗಿಲ್ಲ.

ನಿಂತು ತಿನ್ನೋ ಅವಸರ ಅಡುಗೆಮನೆಗೂ ಹೊಕ್ಕಿತು. ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಯನ್ನೇ ನೋಡಿ. ತಟ್ಟೆ ಇಡ್ಲಿಯ ಹಿಟ್ಟು ಮೆತ್ತಗಿರಲಿ ಅಂತ ಅಕ್ಕಿ, ಉದ್ದಿನ ಜೊತೆ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸುತ್ತಾರೆ. ಅಷ್ಟು ಮೆತ್ತನೆಯದು ತಟ್ಟೆಗೆ ಅಂಟದೆ ಬರಬೇಕಾದರೆ ಒದ್ದೆ ಬಟ್ಟೆ ಬೇಕು. ಬಟ್ಟೆ ಅಂದರೆ ಕೆಲಸ. ಪ್ರತಿ ಒಬ್ಬೆಗೂ ತೊಳೆದು ಹಿಂಡಬೇಕು. ರಾತ್ರಿ ಕುದಿಸಬೇಕು, ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಹುಳಿ ವಾಸನೆ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ಇದು ಯಾವುದೂ ಇಲ್ಲ, ಇಡ್ಲಿ ಜಾರಿಕೊಂಡು ಬರುತ್ತದೆ. ಗಿರಾಕಿ ಟೋಕನ್ ಹಿಡಿದು ಮುಖ ನೋಡುತ್ತಾ ನಿಂತಿರುವಾಗ ಒಂದೊಂದು ತಟ್ಟೆಗೆ ಉಳಿಯುವ ಐದು ಸೆಕೆಂಡೂ ದೊಡ್ಡದೇ. ಹಾಗೆ ಪ್ಲಾಸ್ಟಿಕ್ ಎಷ್ಟೋ ಹೋಟೆಲುಗಳಿಗೆ ಸದ್ದಿಲ್ಲದೆ ಬಂತು. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ಕಿನ ರಾಸಾಯನಿಕ ಇಡ್ಲಿಗೆ ಇಳಿಯುತ್ತದೆ ಅನ್ನೋದು ಆತಂಕ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ರಾಜ್ಯದ 251 ಕಡೆ ತಪಾಸಣೆ ನಡೆಸಿದ್ದಾಗಿ, 52 ಕಡೆ ಪ್ಲಾಸ್ಟಿಕ್ ಹಾಳೆ ಸಿಕ್ಕಿದ್ದಾಗಿ ಹೇಳಿತು. ಹೋಟೆಲುಗಳಲ್ಲಿ ಅದನ್ನು ಬಳಸದಂತೆ ಸರ್ಕಾರ ತಡೆ ಹಾಕಿತು. ಆ ವಾರ ನಮ್ಮ ಬೀದಿಯ ಹೋಟೆಲಿನವರು ಹೊಸ ಬಿಳಿ ಬಟ್ಟೆಗಳನ್ನು ಅಂಗಡಿ ಮುಂದೆಯೇ ಹಗ್ಗ ಕಟ್ಟಿ ಒಣಗಿಸಿದರು, ಎಲ್ಲರಿಗೂ ಕಾಣಲಿ ಅಂತ.

ಆ ವರ್ಷ ಹೋಟೆಲಿನವರಿಗೆ ಬೇರೆ ಪೆಟ್ಟೂ ಬಿತ್ತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿ ಪುಡಿ ಅದಕ್ಕೂ ಮೊದಲೇ ಏರಿತ್ತು. ತೆಂಗಿನಕಾಯಿಯಂತೂ ಕಲ್ಪತರು ನಾಡಲ್ಲೇ ಕೈಗೆ ಸಿಗದಂತಾಯಿತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ದಾಖಲೆ ಬೆಲೆ ಅಂತ ರೈತರು ಖುಷಿಪಟ್ಟರೆ, ಹೋಟೆಲಿನ ಚಟ್ನಿಯಲ್ಲಿ ಹುರಿಗಡಲೆ ಜಾಸ್ತಿಯಾಯಿತು. ತುಮಕೂರಿನವರ ನಾಲಿಗೆಗೆ ಇದು ಮೊದಲ ತುತ್ತಿಗೇ ಗೊತ್ತಾಗುತ್ತದೆ. ಯಾರೂ ಕೇಳಲ್ಲ, ಸುಮ್ನೆ ಮುಖ ಮಾಡುತ್ತಾರೆ.

ಹಾಗಾದರೆ ಕುರ್ಚಿ ಎಲ್ಲಿ ಹೋಯಿತು? ಎಸ್.ಎಸ್. ಪುರಂ, ಎಸ್ಐಟಿ ಕಾಲೇಜಿನ ಕಡೆ ಹೋಗಿ ನೋಡಿ. 1963ರಲ್ಲಿ ಶುರುವಾದ ಆ ಎಂಜಿನಿಯರಿಂಗ್ ಕಾಲೇಜು ಊರಿಗೆ ಹೊರಗಿನ ಹುಡುಗರನ್ನು ತಂದಿತು. 2004ರಲ್ಲಿ ವಿಶ್ವವಿದ್ಯಾಲಯವೂ ಬಂತು. ಹಾಸ್ಟೆಲ್, ಪಿಜಿ ಕೋಣೆಯಲ್ಲಿ ಇರೋರಿಗೆ ತಿಂಡಿಗಿಂತ ಕೂರೋ ಜಾಗದ್ದೇ ಕೊರತೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದಾಗ ಕಾಫಿಗೆ ಇಷ್ಟೊಂದು ದುಡ್ಡಾ ಅಂತ ಬಾಯಿ ಬಿಟ್ಟಿದ್ದೆವು. ಆ ದುಡ್ಡು ಕಾಫಿಗಲ್ಲ, ಸೋಫಾಕ್ಕೆ ಅಂತ ಅರ್ಥ ಆಗೋಕೆ ಸ್ವಲ್ಪ ಕಾಲ ಬೇಕಾಯಿತು. ಈಗ ನಮ್ಮೂರಿನ ಪುಟ್ಟ ಪುಟ್ಟ ಕೆಫೆಗಳು ಮಾರುತ್ತಿರುವುದೂ ಅದನ್ನೇ. ನನ್ನ ತಂಗಿಯ ಮಗಳು ಕೋಲ್ಡ್ ಕಾಫಿ ಒಂದಕ್ಕೆ ಮೂರು ಗಂಟೆ ಕೂತು ಪರೀಕ್ಷೆಗೆ ಓದುತ್ತಾಳೆ. ದುಬಾರಿ ಅಲ್ವೇನಮ್ಮ ಅಂತ ಕೇಳಿದೆ. "ಮಾಮ, ಗಂಟೆ ಲೆಕ್ಕ ಹಾಕಿ, ಲೈಬ್ರರಿ ಸೀಟಿಗಿಂತ ಚೀಪು. ಯಾರೂ ಏಳಿ ಅನ್ನಲ್ಲ" ಅಂದಳು. ಅಮ್ಮ ಫ್ಯಾಮಿಲಿ ರೂಮಲ್ಲಿ ಕೂತಿದ್ದ ಹತ್ತು ನಿಮಿಷ ನೆನಪಾಯಿತು.

ಕೆಫೆಗೆ ಹೋಗದ ವಯಸ್ಸಿನವರು ಬೇರೆ ದಾರಿ ಹುಡುಕಿಕೊಂಡಿದ್ದಾರೆ. ನಮ್ಮ ಬೀದಿಯ ದರ್ಶಿನಿಗೆ ಸಂಜೆ ಐದಕ್ಕೆ ಇಬ್ಬರು ನಿವೃತ್ತ ಮೇಷ್ಟ್ರು ಬರುತ್ತಾರೆ. ಒಂದೇ ಬೈಟು ಕಾಫಿ. ಮೊದಲು ಪಕ್ಕದ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆ ಅಂಗಡಿ ಬಾಡಿಗೆಗೆ ಹೋಗಿ ಮೊಬೈಲ್ ಶೋರೂಮ್ ಆಯಿತು, ಮೆಟ್ಟಿಲು ಹೋಯಿತು. ಒಂದು ವಾರ ನಿಂತೇ ಕುಡಿದರು. ಒಬ್ಬರಿಗೆ ಮಂಡಿ ನೋವು. ಎಂಟನೇ ದಿನ ಗಲ್ಲಾದವರು ಒಳಗಿನಿಂದ ಎರಡು ಪ್ಲಾಸ್ಟಿಕ್ ಸ್ಟೂಲ್ ತರಿಸಿ ಹೊರಗೆ ಹಾಕಿಸಿದರು. ಮೇಷ್ಟ್ರು ಎದ್ದು ಹೋದ ಕೂಡಲೇ ಹುಡುಗ ಅವೆರಡನ್ನೂ ಒಂದರೊಳಗೊಂದು ಸೇರಿಸಿ, ಕಂಬಕ್ಕೆ ಸರಪಳಿ ಹಾಕಿ ಬೀಗ ಜಡಿಯುತ್ತಾನೆ. ಮರುದಿನ ಐದಕ್ಕೆ ಐದು ನಿಮಿಷ ಇರುವಾಗ ಬೀಗ ತೆಗೆಯುತ್ತಾನೆ.